ಸ್ಟಾಂಪಿಲ್ಲದ ಜಾಹೀರಾತು

ಹ್ಯಾಂಡ್‌ಬಿಲ್ಲಿನ ದೊಡ್ಡ ಗುಣ ಅಂದರೆ ಅದಕ್ಕೆ ದುಡ್ಡು ಬೀಳುತ್ತದೆ. ರೀಮ್ ಲೆಕ್ಕದಲ್ಲಿ ಕಾಗದ ತರಿಸಬೇಕು, ಪ್ಲೇಟ್ ಹಾಕಿಸಬೇಕು, ಇಂಕು, ಕಟಿಂಗು, ಕೊನೆಗೆ ಬೆಳಗಿನ ಜಾವ ಪೇಪರ್ ಏಜೆಂಟರು ಬಂಡಲ್ ಬಿಚ್ಚುವ ಹೊತ್ತಿಗೆ ಹೋಗಿ, ಸಾವಿರಕ್ಕೆ ಇಷ್ಟು ಅಂತ ಕೊಟ್ಟು ಪೇಪರಿನ ಮಡಿಕೆಯೊಳಗೆ ಸೇರಿಸಬೇಕು. ಹಾಗಾಗಿ ದಾವಣಗೆರೆಯಲ್ಲಿ ಎಂಥ ಧಾರಾಳದ ಸಾಹುಕಾರರೂ ಹ್ಯಾಂಡ್‌ಬಿಲ್ ಹೊಡೆಸುವ ಮುಂಚೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಇವು ಎಲ್ಲೆಲ್ಲಿಗೆ ಹೋಗಬೇಕು? ಚೌಕಿಪೇಟೆಯ ಸೀರೆ ಅಂಗಡಿಯದು ಜಗಳೂರು, ಚನ್ನಗಿರಿ, ಹರಪನಹಳ್ಳಿಗೆ ಹೋಗುತ್ತದೆ, ಯಾಕೆಂದರೆ ಮದುವೆ ಬಟ್ಟೆಗೆ ಅಲ್ಲಿಂದ ಜೀಪು ಮಾಡಿಕೊಂಡು ಬರುತ್ತಾರೆ. ಟ್ಯೂಷನ್ನಿನದು ವಿದ್ಯಾನಗರಕ್ಕೆ, ಎಸ್. ನಿಜಲಿಂಗಪ್ಪ ಬಡಾವಣೆಗೆ. ಬೋರ್‌ವೆಲ್ ಮೋಟರಿನದನ್ನು ಪೇಟೆಯೊಳಗೆ ಹಂಚಿದವರನ್ನು ನಾನು ನೋಡಿಲ್ಲ.

ಡಿಟಿಪಿ, ಡಿಸೈನು, ಪ್ರಚಾರದ ಕೆಲಸ ಮಾಡಿಕೊಂಡೇ ಈ ಊರಲ್ಲಿ ಬದುಕಿದವನು ನಾನು. ಲಗ್ನಪತ್ರಿಕೆ, ಫ್ಲೆಕ್ಸು, ಆಟೋಕ್ಕೆ ಮೈಕು ಕಟ್ಟಿ ಕೂಗುವ ಕ್ಯಾಸೆಟ್ಟು, ಟಾಕೀಸಿನ ಸ್ಲೈಡು ಎಲ್ಲ ಮಾಡಿದ್ದೇನೆ. ಆಮೇಲೆ ಒಂದೇ ಸಲ ಸಾವಿರಾರು ಜನಕ್ಕೆ ಕಳಿಸುವ ಬಲ್ಕ್ ಎಸ್ಸೆಮ್ಮೆಸ್ಸು, ಬಲ್ಕ್ ಇಮೇಲು ಬಂದವು. ಇವುಗಳಲ್ಲೆಲ್ಲ ಇಮೇಲಿನಷ್ಟು ವಿಚಿತ್ರವಾದದ್ದು ಇನ್ನೊಂದಿಲ್ಲ. ಎಲ್ಲಿಗೆ ಹೋಗಬೇಕು ಎನ್ನುವ ಪ್ರಶ್ನೆಯನ್ನೇ ಅದು ಹೊಡೆದುಹಾಕಿತು. ಹತ್ತು ಜನಕ್ಕೆ ಕಳಿಸಿದರೂ ಅಷ್ಟೇ, ಲಕ್ಷ ಜನಕ್ಕೆ ಕಳಿಸಿದರೂ ಹೆಚ್ಚುಕಮ್ಮಿ ಅಷ್ಟೇ. ಆಮೇಲೆ ನಡೆದದ್ದೆಲ್ಲ, ನನಗೆ ಕಂಡ ಮಟ್ಟಿಗೆ, ಕಳೆದುಹೋದ ಆ ಖರ್ಚನ್ನು ಬೇರೆ ಬೇರೆ ಬಾಗಿಲಿಂದ ವಾಪಸ್ ಕರೆತರುವ ಪ್ರಯತ್ನ.

ಮೊದಲನೇ ಇಮೇಲ್ ಜಾಹೀರಾತು ಹಾಗಿರಲಿಲ್ಲ ಅನ್ನುವುದು ತಮಾಷೆ. ರೇ ಟಾಮ್ಲಿನ್ಸನ್ ಎರಡು ಕಂಪ್ಯೂಟರ್‌ಗಳ ನಡುವೆ ಮೇಲ್ ಹೋಗುವಂತೆ ಮಾಡಿದ್ದು 1971ರಲ್ಲಿ. ಏಳು ವರ್ಷ ಅದರಲ್ಲಿ ಯಾರೂ ಏನನ್ನೂ ಮಾರಲು ಹೋಗಲಿಲ್ಲ. ಅರ್ಪಾನೆಟ್ ಎಂಬ ಆ ಜಾಲ ಅಮೆರಿಕದ ಸರ್ಕಾರಿ ದುಡ್ಡಿನಲ್ಲಿ ನಡೆಯುತ್ತಿತ್ತು, ವ್ಯಾಪಾರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಮಾರ್ಕೆಟಿಂಗ್‌ನಲ್ಲಿದ್ದ ಗ್ಯಾರಿ ಥ್ಯೂರ್ಕ್ ತಮ್ಮ ಕಂಪನಿಯ ಹೊಸ ಕಂಪ್ಯೂಟರನ್ನು ಲಾಸ್ ಏಂಜಲಿಸ್ ಮತ್ತು ಸ್ಯಾನ್ ಮಟೇಯೊದಲ್ಲಿ ತೋರಿಸುತ್ತೇವೆ, ಬನ್ನಿ ಎಂದು ಸುಮಾರು 400 ಜನರಿಗೆ ಒಂದೇ ಸಲ ಮೇಲ್ ಹಾಕಿಸಿದರು. ಕಂಪನಿ ಇದ್ದದ್ದು ಅಮೆರಿಕದ ಪೂರ್ವ ತೀರದಲ್ಲಿ. ಪಶ್ಚಿಮದ ಕಡೆ ಅವರ ಹೆಸರು ಅಷ್ಟಾಗಿ ಓಡುತ್ತಿರಲಿಲ್ಲ. ಹಾಗಾಗಿ ಅಚ್ಚಾದ ಡೈರೆಕ್ಟರಿ ಇಟ್ಟುಕೊಂಡು, ಪಶ್ಚಿಮದವರ ವಿಳಾಸಗಳನ್ನಷ್ಟೇ ಆರಿಸಿ, ಒಂದೊಂದನ್ನೂ ಕೈಯಲ್ಲಿ ಟೈಪ್ ಮಾಡಿಸಿದ್ದರು. ಅಷ್ಟೊಂದು ಹೆಸರು ಹಿಡಿಸುವ ಶಕ್ತಿ ಆ ಕಾಲದ ಮೇಲ್ ಪ್ರೋಗ್ರಾಮಿಗೆ ಇರಲಿಲ್ಲ. ವಿಳಾಸದ ಜಾಗ ತುಂಬಿ, ಉಳಿದ ಹೆಸರುಗಳು ಪತ್ರದ ಒಳಗೇ ಸುರಿದುಕೊಂಡವು. ಪತ್ರ ತೆರೆದವರಿಗೆ ಮೊದಲು ಕಂಡದ್ದು ಹೆಸರುಗಳ ರಾಶಿ, ಅದರ ಕೆಳಗೆಲ್ಲೋ ಕಂಪ್ಯೂಟರ್ ಪ್ರದರ್ಶನದ ವಿಷಯ.

ಗಲಾಟೆ ಆಯಿತು. ಜಾಲದ ಉಸ್ತುವಾರಿ ನೋಡುತ್ತಿದ್ದ ರಕ್ಷಣಾ ಇಲಾಖೆಯವರು ಇದು ನಿಯಮದ ಉಲ್ಲಂಘನೆ ಎಂದು ಗರಂ ಆದರು, ಕಂಪನಿಗೆ ಎಚ್ಚರಿಕೆ ಹೋಯಿತು. ಆದರೆ ಥ್ಯೂರ್ಕ್ ಆಮೇಲೆ ಹೇಳಿಕೊಂಡಿರುವ ಪ್ರಕಾರ ಆ ಒಂದು ಇಮೇಲಿನಿಂದ 1.3 ಕೋಟಿ ಡಾಲರಿಗೂ ಮೇಲಿನ ವ್ಯಾಪಾರ ಕುದುರಿತು. ಮಾರಾಟದವರ ಮಾತಿಗೆ ಎಷ್ಟು ಸೋಡಿ ಬಿಡಬೇಕೋ ಅಷ್ಟು ಬಿಡೋಣ. ನನಗೆ ಇಷ್ಟವಾಗುವುದು ಬೇರೆ ಸಂಗತಿ. ಎಲ್ಲರೂ ಇವತ್ತು ಅದನ್ನು ಪ್ರಪಂಚದ ಮೊದಲ ಸ್ಪ್ಯಾಮ್, ಅಂದರೆ ಕೇಳದೆ ಬಂದು ಬೀಳುವ ಕಸದ ಮೇಲು ಎಂದು ಬೈಯುತ್ತಾರೆ, ಆದರೆ ಅದರಲ್ಲಿ ಹ್ಯಾಂಡ್‌ಬಿಲ್ಲಿನ ಶಿಸ್ತು ಪೂರ್ತಿ ಇತ್ತು. ಯಾರಿಗೆ ಬೇಕಾಗಬಹುದು, ಯಾವ ಊರಿನವರು ಬರಬಹುದು ಎಂದು ಯೋಚಿಸಿದ್ದರು. ಟೈಪ್ ಮಾಡುವ ಬೆರಳಿಗೆ ನೋವಾಗುತ್ತದಲ್ಲ, ಆ ನೋವೇ ಅಲ್ಲಿ ಖರ್ಚು.

ಬೆರಳಿನ ನೋವು ಯಾವಾಗ ಹೋಯಿತೋ ಆವಾಗ ಕಥೆ ಕೆಟ್ಟಿತು.

ನಡುವೆ ಒಂದು ಜಾಣ ಅಧ್ಯಾಯ ಇದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ, ಯಾಕೆಂದರೆ ಅದರ ಅರ್ಧ ಪಾಲು ನಮ್ಮವರದು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ 1996ರ ಜುಲೈ 4ರಂದು ಹಾಟ್‌ಮೇಲ್ ಶುರು ಮಾಡಿದರು. ಪ್ರಚಾರಕ್ಕೆ ಹಾಕಲು ದೊಡ್ಡ ಗಂಟು ಇರಲಿಲ್ಲ. ದುಡ್ಡು ಹೂಡಿದ್ದ ಟಿಮ್ ಡ್ರೇಪರ್, ಹೋಗುವ ಪ್ರತಿಯೊಂದು ಮೇಲಿನ ಬಾಲಕ್ಕೆ ನಿಮಗೂ ಪುಕ್ಕಟೆ ಇಮೇಲ್ ಬೇಕಾದರೆ ಇಲ್ಲಿ ಸಿಗುತ್ತದೆ ಎಂಬ ಒಂದು ಸಾಲು ಅಂಟಿಸಿ ಎಂದು ಹಠ ಹಿಡಿದರು. ಅಷ್ಟೇ. ಮಗ ಅಮ್ಮನಿಗೆ ಬರೆದ ಪತ್ರವೂ ಹಾಟ್‌ಮೇಲಿನ ಜಾಹೀರಾತು, ಪ್ರೇಮಪತ್ರವೂ ಜಾಹೀರಾತು, ರಾಜೀನಾಮೆ ಪತ್ರವೂ ಜಾಹೀರಾತು. ಒಂದೂವರೆ ವರ್ಷದಲ್ಲಿ ಮೈಕ್ರೋಸಾಫ್ಟ್ ಬಂದು ಸುಮಾರು 40 ಕೋಟಿ ಡಾಲರಿಗೆ ಕೊಂಡುಕೊಂಡಿತು.

ನಮ್ಮೂರಿನ ಸೈಬರ್ ಸೆಂಟರ್‌ಗಳಲ್ಲಿ, ಪ್ಲೈವುಡ್ ಗೂಡುಗಳಲ್ಲಿ ಕೂತು ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಮೊದಲ ಐಡಿ ಮಾಡಿಕೊಂಡದ್ದು ಆ ಸಾಲನ್ನು ಎಲ್ಲೋ ಓದಿಯೇ. ಇಲ್ಲಿ ಜಾಹೀರಾತು ಹಂಚಿದವರು ಗೆಳೆಯರು, ಕೂಲಿ ಇಲ್ಲದೆ. ಗೆಳೆಯರಿಂದ ಬಂದದ್ದಕ್ಕೇ ಅದು ಚುಚ್ಚಲಿಲ್ಲ. ಕಳಿಸಿದವರ ಮೇಲಿನ ನಂಬಿಕೆಯಲ್ಲಿ ಜಾಹೀರಾತೂ ಒಳಗೆ ಬಂತು. ಇಮೇಲ್ ಜಾಹೀರಾತಿನ ಇತಿಹಾಸದಲ್ಲಿ ಇಷ್ಟು ಒಳ್ಳೆಯ ಸಾಲು ಆಮೇಲೆ ಯಾರೂ ಬರೆದಿಲ್ಲ ಎಂದು ನನ್ನ ಅಭಿಪ್ರಾಯ.

ಇನ್ನು ಕೆಟ್ಟ ಕಾಲ. ಆವಾಗ ಸರ್ಕಾರದ್ದಾಗಿದ್ದ ಟೆಲಿಕಾಂ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ನಮ್ಮಂಥ ಊರಿಗೆ ಅದು ತಲುಪಿ ಡಯಲ್‌ಅಪ್ ಮೋಡೆಮ್ಮಿನ ಕಿರುಚಾಟ ಕೇಳುವ ಹೊತ್ತಿಗೆ ಕೆಲವು ವರ್ಷ ಆಗಿತ್ತು. ಆವಾಗ ಮೇಲ್ ಇಳಿಸಿಕೊಳ್ಳಲು ಫೋನಿನ ಪಲ್ಸ್ ಓಡುತ್ತಿತ್ತು. ಬಂದದ್ದರಲ್ಲಿ ಮುಕ್ಕಾಲು ಪಾಲು ಲಾಟರಿ, ಸಾಲ, ಹೇಳಬಾರದ ಔಷಧಿ. ಅಂದರೆ ಜಾಹೀರಾತು ಕಳಿಸಿದವನಿಗೆ ಖರ್ಚಿಲ್ಲ, ಓದುವವನ ಫೋನ್ ಬಿಲ್ಲಿನಲ್ಲಿ ಅದರ ಖರ್ಚು. ಖರ್ಚು ಮಾಯವಾಗಿರಲಿಲ್ಲ, ಮನೆ ಬದಲಾಯಿಸಿತ್ತು. ಇದೇ ಕಾಲಕ್ಕೆ ಲಕ್ಷಗಟ್ಟಲೆ ಐಡಿಗಳ ಸಿಡಿಗಳು ಮಾರಾಟಕ್ಕೆ ಬಂದವು. ಡಾಕ್ಟರ್‌ಗಳ ಲಿಸ್ಟ್ ಬೇಕೆ, ವಕೀಲರದು ಬೇಕೆ, ಬೆಂಗಳೂರಿನ ಕಂಪನಿ ಮ್ಯಾನೇಜರುಗಳದು ಬೇಕೆ ಎಂದು ಫೋನಿನಲ್ಲಿ ಕೇಳುತ್ತಿದ್ದರು. ಅದರಲ್ಲಿ ಅರ್ಧ ಐಡಿ ಸತ್ತಿರುತ್ತಿದ್ದವು. ಸತ್ತರೇನು, ಕಳಿಸಲು ಕಾಸಿಲ್ಲವಲ್ಲ.

ಇಷ್ಟು ಕಸ ಯಾಕೆ ಕಳಿಸುತ್ತಾರೆ, ಯಾರು ಕೊಳ್ಳುತ್ತಾರೆ ಎಂದು ನಮ್ಮ ಯಜಮಾನರೊಬ್ಬರು ಕೇಳುತ್ತಿದ್ದರು. ಇದಕ್ಕೆ ಉತ್ತರ 2008ರಲ್ಲಿ ಸಿಕ್ಕಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಸ್ಯಾನ್ ಡಿಯೇಗೊ ಸಂಶೋಧಕರು ಸ್ಟಾರ್ಮ್ ಎಂಬ ಸ್ಪ್ಯಾಮ್ ಜಾಲದ ಒಳಗೇ ನುಸುಳಿ, ಅದು ಕಳಿಸುತ್ತಿದ್ದ ಮೇಲಿನಲ್ಲಿ ತಮ್ಮದೇ ನಕಲಿ ಔಷಧಿ ಅಂಗಡಿಯ ಲಿಂಕ್ ಹಾಕಿ ಲೆಕ್ಕ ಹಿಡಿದರು. 26 ದಿನ, ಸುಮಾರು 35 ಕೋಟಿ ಮೇಲು. ಕೊಳ್ಳಲು ಬಂದವರು 28 ಜನ. ಹ್ಯಾಂಡ್‌ಬಿಲ್ಲಿನಲ್ಲಿ ಈ ವ್ಯಾಪಾರ ಮಾಡಿದವನ ಮನೆಮಠ ಹರಾಜಾಗುತ್ತಿತ್ತು. ಮೇಲಿನಲ್ಲಿ ಅದೇ 28 ಜನ ಸಾಕು, ಅದೂ ಬೇರೆಯವರ ಕಂಪ್ಯೂಟರುಗಳನ್ನು ಕದ್ದು ಬಳಸಿಕೊಂಡು ಕಳಿಸುವಾಗ. ಅದೇ ವರ್ಷ ನವೆಂಬರಿನಲ್ಲಿ ಸ್ಯಾನ್ ಹೋಸೆಯ ಮೆಕೋಲೊ ಎಂಬ, ಸರ್ವರು ಬಾಡಿಗೆಗೆ ಕೊಡುವ ಕಂಪನಿಯ ಸಂಪರ್ಕ ಕಿತ್ತು ಹಾಕಿದ ತಕ್ಷಣ ಪ್ರಪಂಚದ ಸ್ಪ್ಯಾಮ್ ಅರ್ಧಕ್ಕಿಂತ ಕೆಳಗೆ ಬಿತ್ತು. ಇಡೀ ಜಗತ್ತಿನ ಕಸದ ಬಹುಪಾಲನ್ನು ಕಳಿಸುತ್ತಿದ್ದ ಕದ್ದ ಕಂಪ್ಯೂಟರುಗಳಿಗೆ ಅಪ್ಪಣೆ ಹೋಗುತ್ತಿದ್ದದ್ದು ಈ ಒಂದೇ ಕಂಪನಿಯ ಸರ್ವರುಗಳಿಂದ. ಕೆಲವೇ ತಿಂಗಳಲ್ಲಿ ಬೇರೆ ಕಡೆಯಿಂದ ಮತ್ತೆ ಶುರುವಾಯಿತು, ಅದು ಬೇರೆ ಮಾತು.

ಖರ್ಚನ್ನು ವಾಪಸ್ ತರಬೇಕು ಎಂದು ಮೊದಲು ಯೋಚಿಸಿದವರು ಕಂಪ್ಯೂಟರ್ ವಿಜ್ಞಾನಿಗಳು. 1992ರಲ್ಲೇ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೋರ್ ಒಂದು ಉಪಾಯ ಬರೆದರು. ಮೇಲ್ ಕಳಿಸುವ ಮುಂಚೆ ಕಳಿಸುವ ಕಂಪ್ಯೂಟರು ಒಂದು ಸಣ್ಣ ಕಷ್ಟದ ಲೆಕ್ಕ ಬಿಡಿಸಬೇಕು. ಒಂದು ಪತ್ರಕ್ಕೆ ಅದು ಲೆಕ್ಕಕ್ಕಿಲ್ಲ, ಹತ್ತು ಲಕ್ಷ ಪತ್ರಕ್ಕೆ ಯಂತ್ರ ಏದುಸಿರು ಬಿಡುತ್ತದೆ. ದುಡ್ಡಿನ ಬದಲು ದುಡಿತದ ಸ್ಟಾಂಪು. ಆ್ಯಡಂ ಬ್ಯಾಕ್ 1997ರಲ್ಲಿ ಇದೇ ದಾರಿಯಲ್ಲಿ ಹ್ಯಾಶ್‌ಕ್ಯಾಶ್ ಮಾಡಿದರು. ಇಮೇಲ್ ನಡೆಸುವವರು ಅದನ್ನು ಹೆಚ್ಚು ಬಳಸಲಿಲ್ಲ. ಹತ್ತು ವರ್ಷ ಕಳೆದು ಬಿಟ್‌ಕಾಯಿನ್ ಮಾಡಿದವರು ಎತ್ತಿಕೊಂಡರು. ಸ್ಪ್ಯಾಮ್ ಓಡಿಸಲು ಹುಟ್ಟಿದ ಲೆಕ್ಕ ಇವತ್ತು ಊರುಗಟ್ಟಲೆ ಕರೆಂಟು ತಿನ್ನುತ್ತಿದೆ.

ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ 2004ರ ಜನವರಿಯಲ್ಲಿ ದಾವೋಸ್‌ನಲ್ಲಿ ನಿಂತು ಎರಡು ವರ್ಷದಲ್ಲಿ ಸ್ಪ್ಯಾಮ್ ಸಮಸ್ಯೆ ಮುಗಿಯುತ್ತದೆ ಎಂದರು. ಅವರ ಚೀಲದಲ್ಲೂ ಒಂದು ಸ್ಟಾಂಪಿತ್ತು: ಅಪರಿಚಿತರ ಮೇಲ್ ಬೇಡವೆನಿಸಿದರೆ ಕಳಿಸಿದವರು ದುಡ್ಡು ಕಟ್ಟಬೇಕು. 2006ರಲ್ಲಿ ಇಮೇಲ್ ಸೇವೆ ಕೊಡುತ್ತಿದ್ದ ಅಮೆರಿಕದ ಎಒಎಲ್ ಕಂಪನಿ ಗುಡ್‌ಮೇಲ್ ಎಂಬವರ ಜೊತೆ ಸೇರಿ ದೊಡ್ಡ ಕಳಿಸುವವರಿಂದ ಮೇಲೊಂದಕ್ಕೆ ಕಾಲು ಸೆಂಟಿನಿಂದ ಒಂದು ಸೆಂಟಿನವರೆಗೆ ವಸೂಲಿ ಮಾಡಿ ನೇರ ಇನ್‌ಬಾಕ್ಸಿನ ಒಳಗೆ ಬಿಡುತ್ತೇವೆ ಎಂದಿತು. ಇದು ಇಮೇಲ್ ಮೇಲಿನ ತೆರಿಗೆ ಎಂದು ಅಲ್ಲಿನ ಸಂಘ ಸಂಸ್ಥೆಗಳು ಒಟ್ಟಾಗಿ ವಿರೋಧಕ್ಕೆ ನಿಂತವು. ಗುಡ್‌ಮೇಲ್ 2011ಕ್ಕೆ ಅಂಗಡಿ ಮುಚ್ಚಿತು. ಉಳ್ಳವರ ಜಾಹೀರಾತಿಗೆ ಹೆದ್ದಾರಿ, ಉಳಿದವರ ಪತ್ರಕ್ಕೆ ಓಣಿ ಆಗುತ್ತದೆ ಎಂಬ ಅವರ ಭಯ ಸುಳ್ಳೇನೂ ಅಲ್ಲ. ಆದರೂ ನನ್ನೊಳಗಿನ ಪ್ರೆಸ್ಸಿನವನಿಗೆ ಒಂದು ಪೈಸೆಯ ಸ್ಟಾಂಪಾದರೂ ಇರಬೇಕಿತ್ತು ಅನ್ನಿಸುತ್ತಲೇ ಇರುತ್ತದೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದವರು 2003ರ ಡಿಸೆಂಬರಿನಲ್ಲಿ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮಾಡಿದರು. ಸುಳ್ಳು ಹೆಸರಲ್ಲಿ ಕಳಿಸಬಾರದು, ಅಂಚೆ ವಿಳಾಸ ಹಾಕಬೇಕು, ಬೇಡ ಎಂದವರಿಗೆ ಹತ್ತು ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಕೇಳಿಯೇ ಕಳಿಸಬೇಕು ಎಂದು ಮಾತ್ರ ಹೇಳಲಿಲ್ಲ. ಬೇಡ ಅನ್ನುವ ತನಕ ಕಳಿಸಬಹುದು ಎಂಬ ಪರವಾನಗಿ ಅದು. ಯುರೋಪಿನವರು ಮೊದಲು ಕೇಳಿ ಎಂಬ ಕಡೆ ನಿಂತರು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತನ್ನ ಸಿಟ್ಟನ್ನೆಲ್ಲ ಎಸ್ಸೆಮ್ಮೆಸ್ಸಿನ ಮೇಲೆ ತೀರಿಸಿಕೊಂಡಿತು. 2011ರಲ್ಲಿ ಒಂದು ಸಿಮ್ಮಿನಿಂದ ದಿನಕ್ಕೆ 100 ಮೆಸೇಜ್ ಎಂಬ ಮಿತಿ ಬಂದಾಗ ಊರಿನ ಪ್ರಚಾರದವರು ಹೌಹಾರಿದ್ದು ನೆನಪಿದೆ. ಮೇಲಿಗೆ ಅಂಥ ಪ್ರತ್ಯೇಕ ಕಾನೂನು ಬರಲಿಲ್ಲ. ಐಟಿ ಕಾಯ್ದೆಯ 66ಎ ಕಲಮಿನಲ್ಲಿ ಕಿರಿಕಿರಿ ಮಾಡುವ, ಎಲ್ಲಿಂದ ಬಂತೆಂದು ದಾರಿ ತಪ್ಪಿಸುವ ಇಮೇಲಿನ ಬಗ್ಗೆ ಒಂದು ಸಾಲಿತ್ತು. ಆ ಕಲಮಿನಲ್ಲಿ ಪೊಲೀಸರು ಹಿಡಿದದ್ದು ಫೇಸ್‌ಬುಕ್‌ನಲ್ಲಿ ಬರೆದವರನ್ನು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಇಡೀ ಕಲಮನ್ನೇ ರದ್ದು ಮಾಡಿತು, ಮಾಡಿದ್ದು ಸರಿಯೇ. ಜೊತೆಗೆ ಆ ಸಾಲೂ ಹೋಯಿತು. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ.

ನಿಜವಾಗಿ ಕೆಲಸ ಮಾಡಿದ್ದು ಜರಡಿ. ಪಾಲ್ ಗ್ರಹಾಂ ಎಂಬ ಅಮೆರಿಕದ ಪ್ರೋಗ್ರಾಮರ್ 2002ರಲ್ಲಿ ಬರೆದ ಒಂದು ಲೇಖನ ಇದಕ್ಕೆ ದೊಡ್ಡ ತಳ್ಳು ಕೊಟ್ಟಿತು: ಪತ್ರದ ಪದಗಳನ್ನೆಲ್ಲ ಎಣಿಸಿ, ಕಸದಲ್ಲಿ ಯಾವ ಪದ ಹೆಚ್ಚು ಬರುತ್ತದೆ, ಒಳ್ಳೆಯದರಲ್ಲಿ ಯಾವುದು ಎಂದು ಸಂಭವನೀಯತೆಯ ಲೆಕ್ಕ ಹಾಕಿ ಬೇರೆ ಮಾಡುವುದು. 2004ರ ಏಪ್ರಿಲ್ 1ರಂದು ಗೂಗಲ್‌ನವರ ಜಿಮೇಲ್ ಬಂತು. ಹಾಟ್‌ಮೇಲು 2 ಎಂಬಿ ಕೊಡುತ್ತಿದ್ದಾಗ ಇವರು 1 ಜಿಬಿ ಕೊಟ್ಟರು. ಏಪ್ರಿಲ್ ಫೂಲ್ ಮಾಡುತ್ತಿದ್ದಾರೆ ಎಂದೇ ಬಹಳ ಜನ ತಿಳಿದರು. ಅಷ್ಟು ಜಾಗ ಕೊಟ್ಟು ಪಕ್ಕದಲ್ಲಿ ಪತ್ರದ ಮಾತಿಗೆ ತಕ್ಕ ಜಾಹೀರಾತು ಹಾಕಿದರು. ಮದುವೆ ಮಾತು ಬರೆದರೆ ಒಡವೆ ಜಾಹೀರಾತು. ಜಾಹೀರಾತಿಗಾಗಿ ಪತ್ರ ಓದುವುದನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿದ್ದು 2017ರಲ್ಲಿ.

2013ರಲ್ಲಿ ಜಿಮೇಲ್ ಪ್ರೊಮೋಷನ್ಸ್ ಎಂಬ ಟ್ಯಾಬ್ ಮಾಡಿ ಅಂಗಡಿಯವರ ಮೇಲನ್ನೆಲ್ಲ ಅದರೊಳಗೆ ತಳ್ಳಿದಾಗ ಬೆಂಗಳೂರಿನ ಮಾರ್ಕೆಟಿಂಗ್ ಜನ ಎದೆ ಬಡಿದುಕೊಂಡರು. ನನಗೆ ಅದು ತಪ್ಪು ಅನ್ನಿಸಲಿಲ್ಲ. ನಮ್ಮಲ್ಲಿ ಕಾಳುಕಡಿಗೆ ಮಂಡಿಪೇಟೆ, ಬಟ್ಟೆಗೆ ಚೌಕಿಪೇಟೆ ಇರುವ ಹಾಗೆ ಜಾಹೀರಾತಿಗೂ ಒಂದು ಪೇಟೆ ಆಯಿತು. ಕೊಳ್ಳುವ ಮನಸ್ಸಿದ್ದವರು ತಾವೇ ಆ ಕಡೆ ಹೋಗುತ್ತಾರೆ. ದೀಪಾವಳಿ ಹಿಂದಿನ ವಾರ ಆ ಟ್ಯಾಬನ್ನು ನಾನೇ ಹುಡುಕಿಕೊಂಡು ಹೋಗಿ ನೋಡುತ್ತೇನೆ.

ಇಮೇಲಿಗೆ ಹ್ಯಾಂಡ್‌ಬಿಲ್ಲಿಗಿಲ್ಲದ ಒಂದು ಕಣ್ಣಿತ್ತು, ಅದನ್ನೂ ಹೇಳಬೇಕು. ಬಟ್ಟೆ ಅಂಗಡಿಯ ಯಜಮಾನರಿಗೆ ಮೊದಲ ಸಲ ಬಲ್ಕ್ ಮೇಲ್ ವಿವರಿಸಿದಾಗ ಅವರು ದರ ಕೇಳಲಿಲ್ಲ, ಡಿಸೈನು ಕೇಳಲಿಲ್ಲ.

"ಯಾರ್ಯಾರು ಓದಿದ್ರು ಅಂತ ಗೊತ್ತಾಗ್ತದೇನಪ್ಪ?"

"ಗೊತ್ತಾಗ್ತದೆ ಯಜಮಾನ್ರೇ. ಎಷ್ಟು ಗಂಟೆಗೆ ತೆಗೆದ್ರು ಅಂತನೂ ಬರ್ತದೆ."

"ಪೇಪರಾಗೆ ಹಾಕಿದ್ದನ್ನ ಬಜ್ಜಿ ಕಟ್ಟಾಕೆ ಬಳಸಿದ್ರೋ, ಓದಿದ್ರೋ, ನಲವತ್ತು ವರ್ಷದಿಂದ ಗೊತ್ತಾಗಿಲ್ಲ ನೋಡು."

ಗೊತ್ತಾಗುವುದು ಹೀಗೆ: ಇಮೇಲಿನ ಒಂದು ಮೂಲೆಯಲ್ಲಿ ಚುಕ್ಕಿಯಷ್ಟು ಚಿತ್ರ, ಕಣ್ಣಿಗೆ ಕಾಣದ್ದು. ಓದುಗ ಪತ್ರ ತೆರೆದ ತಕ್ಷಣ ಆ ಚುಕ್ಕಿ ಕಳಿಸಿದವರ ಸರ್ವರಿನಿಂದ ಇಳಿಯುತ್ತದೆ, ಅಲ್ಲಿ ದಾಖಲಾಗುತ್ತದೆ. ಇದನ್ನು ನಂಬಿ ಒಂದು ದೊಡ್ಡ ಉದ್ಯಮವೇ ಎದ್ದಿತು. ಅಟ್ಲಾಂಟಾದಲ್ಲಿ 2001ರಲ್ಲಿ ಶುರುವಾದ, ಬಲ್ಕ್ ಮೇಲ್ ಕಳಿಸಿಕೊಡುವ ಮೇಲ್‌ಚಿಂಪ್ ಅನ್ನು ಇಂಟ್ಯೂಟ್ ಎಂಬ ಸಾಫ್ಟ್‌ವೇರ್ ಕಂಪನಿ 2021ರಲ್ಲಿ ಸುಮಾರು 1,200 ಕೋಟಿ ಡಾಲರಿಗೆ ಕೊಂಡಿತು. ಒಬಾಮಾ ಅವರ 2012ರ ಚುನಾವಣೆಯ ತಂಡ ದೇಣಿಗೆಯ ಒಂದೇ ಮನವಿಗೆ ಹತ್ತಾರು ಸಬ್ಜೆಕ್ಟ್ ಲೈನ್, ಅಂದರೆ ಮೇಲಿನ ತಲೆಬರಹ ಬರೆದು, ಸಣ್ಣ ಗುಂಪಿಗೆ ಕಳಿಸಿ, ಗೆದ್ದದ್ದನ್ನು ಎಲ್ಲರಿಗೂ ಬಿಡುತ್ತಿತ್ತು. ಎದುರಾಳಿ ನನಗಿಂತ ಹೆಚ್ಚು ಖರ್ಚು ಮಾಡಲಿದ್ದಾರೆ ಎಂಬ ಅರ್ಥದ ಒಂದು ಸಬ್ಜೆಕ್ಟ್ ಲೈನಿನ ಮೇಲು 26 ಲಕ್ಷ ಡಾಲರ್ ತಂದಿತು. ಬರೀ ‘ಹೇ’ ಎಂಬ ಸಬ್ಜೆಕ್ಟ್ ಲೈನೂ ಚೆನ್ನಾಗಿ ಓಡಿತು. ಬರೆಯುವವರಿಗೇ ಯಾವುದು ಗೆಲ್ಲುತ್ತದೆ ಎಂದು ಊಹಿಸಲಾಗುತ್ತಿರಲಿಲ್ಲವಂತೆ. ಇದನ್ನು ಓದಿ ನನಗೆ ಸಮಾಧಾನವಾಯಿತು. ಆಷಾಢದ ರಿಯಾಯಿತಿ, ಭರ್ಜರಿ ರಿಯಾಯಿತಿ, ಇವೆರಡರಲ್ಲಿ ಯಾವುದು ಹಾಕೋಣ ಎಂದು ನಾವು ಗಂಟೆಗಟ್ಟಲೆ ವಾದ ಮಾಡಿದವರು.

ಆ ಕಣ್ಣೂ ಈಗ ಮಂಜಾಗಿದೆ. 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಐಫೋನಿನ ಐಒಎಸ್ 15ರ ಮೇಲ್ ಆ್ಯಪ್‌ನಲ್ಲಿ ಚಿತ್ರಗಳನ್ನೆಲ್ಲ ತಾನೇ ಮೊದಲು ಇಳಿಸಿಡುವ ವ್ಯವಸ್ಥೆ ತಂದಿತು. ಓದಿದರೂ ಓದದಿದ್ದರೂ ಓದಿದಂತೆ ಲೆಕ್ಕ. ಓಪನ್ ರೇಟ್, ಅಂದರೆ ನೂರಕ್ಕೆ ಎಷ್ಟು ಜನ ತೆರೆದರು ಎಂಬ ಲೆಕ್ಕ, ಒಮ್ಮೆಲೇ ಏರಿತು, ಏರಿದ್ದಕ್ಕೆ ಅರ್ಥ ಇಲ್ಲವಾಯಿತು.

ಇಷ್ಟೆಲ್ಲ ಆಗುವಾಗ ಕನ್ನಡ ಎಲ್ಲಿತ್ತು? ಹೊರಗೆ ನಿಂತಿತ್ತು. ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವಂತೆ ಮಾಡುವ ಯೂನಿಕೋಡ್ ಎಲ್ಲ ಕಡೆ ಹಬ್ಬುವ ಮುಂಚೆ ಬರಹ, ನುಡಿ ಫಾಂಟುಗಳಲ್ಲಿ ಟೈಪ್ ಮಾಡಿ ಮೇಲ್ ಹಾಕಿದರೆ, ಆ ಫಾಂಟ್ ಇಲ್ಲದವರಿಗೆ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ ಕಾಣುತ್ತಿತ್ತು. ಅದಕ್ಕೆ ನಾವು ಕನ್ನಡ ಜಾಹೀರಾತನ್ನು ಚಿತ್ರ ಮಾಡಿ ಕಳಿಸುತ್ತಿದ್ದೆವು. ಆದರೆ ಪದ ಎಣಿಸುವ ಜರಡಿಯಿಂದ ತಪ್ಪಿಸಿಕೊಳ್ಳಲು ಸ್ಪ್ಯಾಮಿನವರೂ ಅದೇ ಕಾಲಕ್ಕೆ ಜಾಹೀರಾತನ್ನು ಚಿತ್ರ ಮಾಡಿ ಕಳಿಸಲು ಶುರು ಮಾಡಿದ್ದರು. ಹಾಗಾಗಿ ಬರೀ ಚಿತ್ರವಿರುವ ಮೇಲನ್ನು ಕಂಡರೆ ಜರಡಿಗೆ ಅನುಮಾನ. ಇಳಕಲ್ ಸೀರೆಯ ಕನ್ನಡ ಜಾಹೀರಾತು ನಕಲಿ ಔಷಧಿಯ ಪಕ್ಕದಲ್ಲೇ ಸ್ಪ್ಯಾಮ್ ಫೋಲ್ಡರಿನಲ್ಲಿ ಬಿದ್ದಿರುತ್ತಿತ್ತು. ಯೂನಿಕೋಡ್ ಬಂದು ಎಲ್ಲ ಸರಿಯಾಗುವ ಹೊತ್ತಿಗೆ ಅಂಗಡಿಯವರೆಲ್ಲ ಇಮೇಲ್ ಅಂದರೆ ಇಂಗ್ಲಿಷ್ ಎಂದು ತೀರ್ಮಾನಿಸಿಬಿಟ್ಟಿದ್ದರು. ಇವತ್ತಿಗೂ ನನ್ನ ಇನ್‌ಬಾಕ್ಸಿಗೆ ಬರುವ ಜಾಹೀರಾತಿನಲ್ಲಿ ಕನ್ನಡ ಕಂಡರೆ ಅದು ನವೆಂಬರ್ ಒಂದನೇ ತಾರೀಖು ಎಂದು ಅರ್ಥ.

ಇದಕ್ಕಿಂತ ಆಳದ ತೊಂದರೆ ಇನ್ನೊಂದು. ನಮ್ಮ ಕಡೆ ಬಹಳ ಜನರ ಇಮೇಲ್ ಐಡಿ ಅವರದ್ದಲ್ಲ. ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಅವರ ಹೆಸರಿನ ಹಿಂದೆ ಮುಂದೆ ಒಂದಿಷ್ಟು ಅಂಕಿ ಸೇರಿಸಿ ಐಡಿ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡ್ ಅವನಿಗೂ ಮರೆತಿರುತ್ತದೆ, ಇವರಿಗೆ ಹೇಳಿಯೇ ಇರುವುದಿಲ್ಲ. ಆ ಪೆಟ್ಟಿಗೆಗಳಿಗೆ ವರ್ಷಗಟ್ಟಲೆ ಜಾಹೀರಾತು ಬಂದು ಬೀಳುತ್ತಿದೆ, ತೆರೆಯುವವರಿಲ್ಲ. ಸೈಬರ್ ಸೆಂಟರಿನದು ಇನ್ನೂ ಚೆಂದ. ಸಿಇಟಿ ಅರ್ಜಿ, ಸ್ಕಾಲರ್‌ಶಿಪ್ಪು, ಪೊಲೀಸ್ ಕಾನ್‌ಸ್ಟೇಬಲ್ ಅರ್ಜಿ ತುಂಬುವಾಗ ಐಡಿ ಇಲ್ಲದ ಹುಡುಗರಿಗೆ ಸೆಂಟರಿನವರು ತಮ್ಮದೇ ಐಡಿ ಹಾಕಿಬಿಡುತ್ತಿದ್ದರು. ನನ್ನ ಪರಿಚಯದ ಒಬ್ಬರ ಇನ್‌ಬಾಕ್ಸ್ ತೆಗೆದು ನೋಡಿದರೆ, ಐವತ್ತು ದಾಟಿದ ಆ ಮನುಷ್ಯನಿಗೆ ನರ್ಸಿಂಗ್ ಸೀಟು, ಬಿಕಾಂ ಸೀಟು, ಬ್ಯಾಂಕ್ ಕೋಚಿಂಗು, ಸೇನೆಗೆ ಸೇರಲು ತರಬೇತಿ ಎಲ್ಲ ಏಕಕಾಲಕ್ಕೆ ಬರುತ್ತಿವೆ. ‘ಪ್ರಿಯ ವಿದ್ಯಾರ್ಥಿ, ನಿನ್ನ ಕನಸು ನಮ್ಮ ಗುರಿ’ ಎಂಬ ಧಾಟಿಯಲ್ಲಿ. ಲಿಸ್ಟ್ ಮಾರಿದವರ ಪ್ರಕಾರ ಅವರು ಹೊನ್ನಾಳಿ, ಹರಿಹರ ಸುತ್ತಿನ ಸಾವಿರ ವಿದ್ಯಾರ್ಥಿಗಳು. ಮಾರ್ಕೆಟಿಂಗ್ ಪಾಠದಲ್ಲಿ ಹೇಳಿಕೊಡುವ ಒಬ್ಬೊಬ್ಬರಿಗೂ ಹೊಂದುವ ಜಾಹೀರಾತು ನಮ್ಮೂರಿನಲ್ಲಿ ಹೀಗೆ ಕೈಕೊಡುತ್ತದೆ. ವಾಟ್ಸ್‌ಆ್ಯಪ್ ಇಲ್ಲಿ ಗೆದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ: ಫೋನ್ ನಂಬರು ಜನರ ಸ್ವಂತದ್ದು. ಅಲ್ಲಿ ವ್ಯಾಪಾರಿಗಳ ಪ್ರಚಾರದ ಮೆಸೇಜಿಗೆ ಮೆಟಾ ಕಂಪನಿ ದುಡ್ಡು ವಸೂಲು ಮಾಡುತ್ತದೆ, ಗುಡ್‌ಮೇಲಿನವರು ಕಂಡ ಕನಸಿನ ಹಾಗೆ, ವಿರೋಧಕ್ಕೆ ಈ ಸಲ ಯಾರೂ ಹಾಗೆ ನಿಲ್ಲಲಿಲ್ಲ.

ಇಮೇಲಿನಲ್ಲಿ ಖರ್ಚು ಮರಳಿ ಬಂದದ್ದು ದುಡ್ಡಿನ ರೂಪದಲ್ಲಲ್ಲ, ಹೆಸರಿನ ರೂಪದಲ್ಲಿ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ನಿಯಮ ಹಾಕಿದವು. ಜಿಮೇಲಿಗೆ ದಿನಕ್ಕೆ 5,000 ದಾಟಿ ಕಳಿಸುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಗುರುತು ಹೊಂದಿರಬೇಕು. ಮೊದಲನೆಯದು ನಮ್ಮ ಹೆಸರಿನಲ್ಲಿ ಕಳಿಸಲು ಯಾವ ಸರ್ವರಿಗೆ ಅಧಿಕಾರ ಇದೆ ಎಂಬ ಪಟ್ಟಿ, ಎರಡನೆಯದು ಪ್ರತಿ ಪತ್ರದ ಮೇಲೂ ರಹಸ್ಯ ಕೀಲಿಯ ಸಹಿ, ಮೂರನೆಯದು ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕು ಎಂಬ ಸೂಚನೆ. ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಎರಡು ದಿನದೊಳಗೆ ನಿಲ್ಲಿಸಬೇಕು. ಸಾವಿರಕ್ಕೆ ಮೂರು ಜನ ಸ್ಪ್ಯಾಮ್ ಎಂದು ಒತ್ತುವ ಮಟ್ಟ ಮುಟ್ಟಿದರೆ ಹೆಸರು ಕೆಟ್ಟಿತು, ಆಮೇಲೆ ಒಳ್ಳೆಯ ಪತ್ರವೂ ಒಳಗೆ ಹೋಗುವುದಿಲ್ಲ. ಸಿಡಿ ಲಿಸ್ಟಿಗೆ ಕಳಿಸುವವನಿಗೆ ಇದು ಪ್ರಾಣಸಂಕಟ. ಪಾರ್ಲಿಮೆಂಟುಗಳು ಇಪ್ಪತ್ತು ವರ್ಷ ಮಾಡಲಾಗದ್ದನ್ನು ಎರಡು ಕಂಪನಿ ಒಂದು ನೋಟಿಸಿನಲ್ಲಿ ಮಾಡಿದವು. ಅಷ್ಟು ಅಧಿಕಾರ ಅವರ ಕೈಯಲ್ಲಿರುವುದು ನನಗೆ ಹಿತವಲ್ಲ, ಆದರೂ ಇನ್‌ಬಾಕ್ಸ್ ಹಸನಾದದ್ದು ನಿಜ.

ಇದರ ಬಿಸಿ ಚೌಕಿಪೇಟೆಗೂ ತಟ್ಟಿತು. ಅದೇ ಬಟ್ಟೆ ಅಂಗಡಿಗೆ ಒಂದು ಸಣ್ಣ ಲಿಸ್ಟಿತ್ತು, ಕೆಲವೇ ನೂರು ಹೆಸರು, ಎಲ್ಲ ಹೊರದೇಶದಲ್ಲಿರುವ ನಮ್ಮೂರಿನವರದು. ಜೆಜೆಎಂ ಮೆಡಿಕಲ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ, ಇಂಗ್ಲೆಂಡಿಗೆ ಹೋದ ಡಾಕ್ಟರುಗಳು, ಅವರ ಮನೆಯವರು, ಬಿಐಇಟಿಯ ಎಂಜಿನಿಯರುಗಳು. ಊರಿಗೆ ಬಂದಾಗ ಅಂಗಡಿಗೆ ಬಂದು, ಬಿಲ್ ಪುಸ್ತಕದಲ್ಲಿ ತಮ್ಮ ಕೈಯಿಂದಲೇ ಐಡಿ ಬರೆದುಕೊಟ್ಟವರು. ಯುಗಾದಿಗೆ, ದೀಪಾವಳಿಗೆ ಅವರಿಗೆ ಕನ್ನಡದಲ್ಲಿ ಮೇಲ್ ಹಾಕುತ್ತಿದ್ದೆವು. ನಾನು ಮಾಡಿದ ಎಲ್ಲ ಪ್ರಚಾರದಲ್ಲಿ ಉತ್ತರ ಬರುತ್ತಿದ್ದದ್ದು ಇದೊಂದಕ್ಕೆ. ಸೀರೆಯ ದರ ಕೇಳುವರು, ಅಮ್ಮ ಇಲ್ಲೇ ಪಿ.ಜೆ. ಬಡಾವಣೆಯಲ್ಲಿದ್ದಾರೆ, ಮನೆಗೆ ಕಳಿಸುತ್ತೀರಾ ಎನ್ನುವರು, ಬೆಣ್ಣೆ ದೋಸೆಗೆ ಈಗ ಎಷ್ಟಾಗಿದೆ ಎಂದು ಸಂಬಂಧವಿಲ್ಲದ ಪ್ರಶ್ನೆ ಕೇಳುವರು.

ಕಳಿಸುತ್ತಿದ್ದದ್ದು ಮಾತ್ರ ಪುಕ್ಕಟೆ ಜಿಮೇಲ್ ಐಡಿಯ ಹೆಸರಿನಲ್ಲಿ, ಬೇರೆ ಸೇವೆಯ ಮೂಲಕ. ಜಿಮೇಲ್ ಹೆಸರು ಹಾಕಿಕೊಂಡು ಹೊರಗಿನಿಂದ ಬರುವ ಮೇಲನ್ನು ಅನುಮಾನದಿಂದ ನೋಡುತ್ತೇವೆ ಎಂಬುದೂ ಆ ಹೊಸ ನಿಯಮಗಳಲ್ಲಿತ್ತು. ಆ ಯುಗಾದಿಗೆ ಉತ್ತರಗಳು ಬರಲಿಲ್ಲ. ಸ್ವಂತ ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ಅಂಗಡಿಯದ್ದೇ ಹೆಸರು ಬೇಕು ಎಂದು ಯಜಮಾನರಿಗೆ ಹೇಳಲು ಹೋದೆ.

"ವರ್ಷವರ್ಷ ಕಟ್ಟಬೇಕಾ? ಒಂದೇ ಸಲ ಖರೀದಿ ಮಾಡಾಕೆ ಬರಲ್ವಾ?"

"ಇಲ್ಲ ಯಜಮಾನ್ರೇ, ಬಾಡಿಗೆನೇ."

"ಕನ್ನಡದಾಗೆ ಸಿಗ್ತದಾ ಹೆಸರು?"

ಸಿಗುತ್ತದೆ, ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಇದೆ. ಕನ್ನಡ ಅಕ್ಷರದ ಮೇಲ್ ವಿಳಾಸವನ್ನು ಜಿಮೇಲ್ 2014ರಿಂದ ಒಪ್ಪುತ್ತದೆ, ಆದರೆ ಎಲ್ಲ ಕಡೆಯ ಸರ್ವರು ಒಪ್ಪುವುದಿಲ್ಲ ಎಂದೆ. ಹಾಗಾದರೆ ಬೇಡ, ಅಜ್ಜನ ಹೆಸರು ಇಂಗ್ಲಿಷಿನಲ್ಲೇ ಇರಲಿ ಎಂದರು. ಡಾಟ್ ಕಾಮ್ ಯಾರೋ ಮೊದಲೇ ಹಿಡಿದಿದ್ದರು, ಡಾಟ್ ಇನ್ ಸಿಕ್ಕಿತು. ಡಿಕಿಮ್ ಕೀಲಿ ಹಾಕಿ, ಹೊಸ ಹೆಸರಿಗೆ ಗುರುತಾಗಲಿ ಎಂದು ದಿನಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತ ಬಂದೆವು. ಮೂರನೇ ದಿನಕ್ಕೆ ಡಲ್ಲಾಸಿನಿಂದ ಉತ್ತರ ಬಂತು, ಆ ಅಂಗಡಿಯ ಹಳೇ ಗಿರಾಕಿಯದು: ‘ಅಣ್ಣಾವ್ರೇ, ಮೇಲ್ ಈ ಸಲ ಸರಿಯಾಗಿ ಬಂದಿದೆ. ಫೋಟೋದಾಗೆ ಅಂಚಿನ ಬಣ್ಣ ಗೊತ್ತಾಗ್ತಿಲ್ಲ, ವಾಟ್ಸ್‌ಆ್ಯಪ್‌ಗೆ ಒಂದು ವಿಡಿಯೋ ಹಾಕಿಸ್ರಿ.’